ನಿಂತ ಚಕ್ರದ ಮುಂದಿನ ಎಚ್ಚರ

ಉಪಕರಣವು ಮನುಷ್ಯನ ಶ್ರಮವನ್ನು ಕಡಿಮೆ ಮಾಡುತ್ತದೆ; ಆದರೆ ಎಚ್ಚರವನ್ನು ಅದು ಕೊಡಲಾರದು, ಅದನ್ನು ಮನುಷ್ಯನೇ ತರಬೇಕು. ತಿರುಗುತ್ತಿರುವ ಚಕ್ರದ ಮುಂದೆ ಎಲ್ಲರೂ ಜಾಗರೂಕರಾಗಿರುತ್ತಾರೆ. ನಿಂತ ಚಕ್ರದ ಮುಂದೆ ಜಾಗರೂಕರಾಗಿರುವವರು ವಿರಳ. ಈ ಮಾತಿನ ಸತ್ಯವು ಕಡಲಾಚೆಯ ಒಂದು ಕನ್ನಡ ಮನೆಯ ಅಂಗಳದಲ್ಲಿ ಪ್ರತ್ಯಕ್ಷವಾದ ಬಗೆ ಮನನಯೋಗ್ಯವಾಗಿದೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಪಟ್ಟಣವು ಈರೀ ಸರೋವರದ ದಂಡೆಯಲ್ಲಿದೆ. ಚಳಿಗಾಲದ ಆರಂಭದಲ್ಲಿ ಸರೋವರದ ನೀರು ಇನ್ನೂ ಬೆಚ್ಚಗಿರುವಾಗ ಅದರ ಮೇಲೆ ಹಾಯ್ದುಬರುವ ಕೊರೆಯುವ ಗಾಳಿಯು ತೇವವನ್ನು ಹೀರಿಕೊಂಡು, ದಡ ಮುಟ್ಟುತ್ತಲೇ ಹಿಮವಾಗಿ ಸುರಿಸುತ್ತದೆ. ಅಲ್ಲಿ ವರ್ಷಕ್ಕೆ ಸರಾಸರಿ 95 ಅಂಗುಲಗಳಷ್ಟು ಹಿಮ ಬೀಳುತ್ತದೆ. 2022ರ ನವೆಂಬರ್ ತಿಂಗಳಿನ ಒಂದೇ ಬಿರುಗಾಳಿಯಲ್ಲಿ ಪಟ್ಟಣದ ದಕ್ಷಿಣದ ಊರುಗಳಲ್ಲಿ ಆರಡಿಗೂ ಮಿಕ್ಕಿ ಹಿಮ ಸುರಿಯಿತು. ಮನೆಯ ಮುಂದಿನ ಹಿಮವನ್ನು ತೆಗೆಯುವುದು ಮನೆಯವರದೇ ಹೊಣೆ. ಸಲಿಕೆಯಿಂದ ತೆಗೆಯಹೊರಟರೆ ಕೊರೆಯುವ ಚಳಿ ಮತ್ತು ಭಾರ ಎರಡೂ ಕೂಡಿ ಹೃದಯಕ್ಕೆ ಆಯಾಸವಾಗುತ್ತದೆ; ವಯಸ್ಸಾದವರಿಗೆ ಅದು ಪ್ರಾಣಾಪಾಯವೂ ಆಗಬಹುದು.

ಧಾರವಾಡ ಜಿಲ್ಲೆಯ ಒಕ್ಕಲುತನದ ಮನೆಯಿಂದ ಹೋಗಿ ಅಲ್ಲಿ ನೆಲೆಸಿದ ಗೃಹಸ್ಥನೊಬ್ಬನು ಹಿಮ ಎಸೆಯುವ ಯಂತ್ರವನ್ನು ಕೊಳ್ಳಲು ನಿಶ್ಚಯಿಸಿದನು. ಕೊಳ್ಳುವ ಮೊದಲು ಆತನು ತನ್ನ ಅಂಗಳವನ್ನೇ ಅಳೆದು ನೋಡಿದ್ದು ವಿವೇಕದ ಕೆಲಸ. ಈ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಹಂತದ ಯಂತ್ರದಲ್ಲಿ ತಿರುಗುವ ಅಲಗೇ ನೆಲಕ್ಕೆ ತಾಗಿ ಹಿಮವನ್ನು ಬಾಚಿ ಎಸೆಯುತ್ತದೆ. ಕಾಂಕ್ರೀಟಿನ ಚಿಕ್ಕ ಅಂಗಳಕ್ಕೆ, ಏಳೆಂಟು ಅಂಗುಲದ ಹಿಮಕ್ಕೆ ಅದು ಸಾಕು. ಜಲ್ಲಿಕಲ್ಲಿನ ಹಾದಿಗೆ ಸಲ್ಲದು, ಕಲ್ಲನ್ನೂ ಎಸೆದುಬಿಡುತ್ತದೆ. ಎರಡು ಹಂತದ ಯಂತ್ರದಲ್ಲಿ ಮುಂದಿನ ಸುರುಳಿಯಲಗು ಹಿಮವನ್ನು ಒಳಗೆಳೆದರೆ, ಹಿಂದಿನ ಇಂಪೆಲ್ಲರ್ ಎಂಬ ರೆಕ್ಕೆಚಕ್ರವು ಅದನ್ನು ಕೊಳವೆಯ ಮೂಲಕ ದೂರಕ್ಕೆ ಚಿಮ್ಮುತ್ತದೆ. ವಿದ್ಯುತ್ತಿನ ಯಂತ್ರಗಳು ಹಗುರ ಮತ್ತು ಹೊಗೆರಹಿತ. ಆದರೆ ಬ್ಯಾಟರಿಯು ಚಳಿಯಲ್ಲಿ ಬೇಗ ಕುಂದುವುದರಿಂದ ಅದನ್ನು ಮನೆಯೊಳಗಿಟ್ಟು ಕಾಯಬೇಕು. ಬೀದಿಯ ಹಿಮವನ್ನು ದೂಡುವ ವಾಹನವು ಪ್ರತಿ ಮನೆಯ ಬಾಯಿಗೆ ಗಟ್ಟಿಯಾದ ಒದ್ದೆ ಹಿಮದ ಒಡ್ಡು ಕಟ್ಟಿ ಹೋಗುತ್ತಿತ್ತು. ಆ ಒಡ್ಡನ್ನು ಕಂಡೇ ಗೃಹಸ್ಥನು ಪೆಟ್ರೋಲಿನ, ಎರಡು ಹಂತದ ಯಂತ್ರವನ್ನು ಆರಿಸಿಕೊಂಡನು.

ಯಂತ್ರದ ಪಾಲನೆಯಲ್ಲಿಯೂ ಆತನು ಉದಾಸೀನನಲ್ಲ. ಮೊದಲ ಹಿಮಕ್ಕೆ ಮುನ್ನವೇ ಎಂಜಿನ್ ಎಣ್ಣೆ, ಬೆಲ್ಟು, ಗಾಲಿಯ ಗಾಳಿಗಳನ್ನು ಪರೀಕ್ಷಿಸುತ್ತಿದ್ದನು; ಅಂಗಳದ ಕಲ್ಲು, ಚಾಪೆ, ಹಗ್ಗಗಳನ್ನು ಎತ್ತಿಡುತ್ತಿದ್ದನು. ತಿಂಗಳು ದಾಟಿದ ಪೆಟ್ರೋಲು ಕೆಡತೊಡಗುವುದರಿಂದ, ಚಳಿಗಾಲ ಮುಗಿದೊಡನೆ ತೊಟ್ಟಿಯಲ್ಲಿ ಉಳಿದುದನ್ನು ಹೊರಗೆ ಬಸಿದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತಿದ್ದನು. ಸುರುಳಿಯಲಗನ್ನು ಅಚ್ಚಿಗೆ ಬಿಗಿಯುವ ಶಿಯರ್ ಪಿನ್ ಎಂಬ ಪುಟ್ಟ ಮೊಳೆಯು ಮುರಿಯಲೆಂದೇ ಮಾಡಿದ್ದು. ಕಲ್ಲೋ ಮಂಜುಗಡ್ಡೆಯೋ ಸಿಕ್ಕಾಗ ಅದು ತಾನು ಮುರಿದು ಬೆಲೆಬಾಳುವ ಗೇರ್ ಪೆಟ್ಟಿಗೆಯನ್ನು ಉಳಿಸುತ್ತದೆ. ಅದರ ಜಾಗದಲ್ಲಿ ಗಟ್ಟಿ ಬೋಲ್ಟ್ ಹಾಕುವುದು ಜಾಣತನವಲ್ಲ ಎಂಬುದನ್ನು ಅರಿತು, ಅದೇ ಅಳತೆಯ ನಾಲ್ಕು ಮೊಳೆಗಳನ್ನು ಸದಾ ಹತ್ತಿರವಿಟ್ಟುಕೊಂಡಿದ್ದನು.

ಇಷ್ಟೆಲ್ಲ ಬಲ್ಲವನಿಗೂ ಒಂದು ಗಳಿಗೆಯ ಮರೆವು ಬಂದಿತು. ಆ ವರ್ಷ ಸೊಸೆಯ ಬಾಣಂತನಕ್ಕೆಂದು ಆತನ ತಾಯಿತಂದೆಗಳು ಊರಿನಿಂದ ಬಂದಿದ್ದರು. ಹಿಮವು ಅರೆ ಕರಗಿ ಕೆಸರಿನಂತಾಗಿದ್ದ ಒಂದು ಮುಂಜಾವು, ಒಡ್ಡನ್ನು ಬಿಡಿಸುತ್ತಿರುವಾಗ ಕೊಳವೆ ಕಟ್ಟಿಕೊಂಡಿತು. ಕಚೇರಿಗೆ ಹೊತ್ತಾಗುತ್ತಿತ್ತು. ಎಂಜಿನ್ ಆರಿಸಿದ ಗೃಹಸ್ಥನು, ಇನ್ನೇನು ಭಯವೆಂದು ಬಾಗಿ ಬಲಗೈಯನ್ನು ಕೊಳವೆಯೊಳಕ್ಕೆ ಚಾಚಿದನು. ಬಾಗಿಲಲ್ಲಿ ನಿಂತಿದ್ದ ತಂದೆಯು “ಕೈ ತೆಗಿಯೋ!” ಎಂದು ಕೂಗಿದರು. ಬೆಚ್ಚಿದ ಮಗನು ಕೈಯನ್ನು ಹಿಂದೆಗೆದುಕೊಳ್ಳುವಷ್ಟರಲ್ಲಿ ಹಿಮದ ಹೆಂಟೆಯೊಂದು ಸಡಿಲಿ, ಒಳಗಿನ ರೆಕ್ಕೆಯು ತಟಕ್ಕನೆ ತಿರುಗಿತು. ಕೈಚೀಲದ ತುದಿ ಹರಿದು ಒಳಗೇ ಉಳಿಯಿತು. ಬೆರಳುಗಳು ಉಳಿದವು.

ತಂದೆಗೆ ಆ ಯಂತ್ರದ ಹೆಸರೂ ತಿಳಿದಿರಲಿಲ್ಲ. ಆದರೆ ಊರಿನ ಹಕ್ಕಿಯಲ್ಲಿ ಮೇವು ಕತ್ತರಿಸುವ ಯಂತ್ರದ ಮುಂದೆ ಅವರು ವರ್ಷಗಟ್ಟಲೆ ನಿಂತವರು. ಕರೆಂಟು ತೆಗೆದ ಮೇಲೂ ಅದರ ದೊಡ್ಡ ಗಾಲಿಯು ತಿರುಗುತ್ತಲೇ ಇರುವುದನ್ನೂ, ನಿಂತಿತೆಂದು ನಂಬಿ ಸೊಪ್ಪೆ ಕೀಳಹೋದ ಆಳಿನ ಮೂರು ಬೆರಳು ಹೋದುದನ್ನೂ ಅವರು ಕಣ್ಣಾರೆ ಕಂಡಿದ್ದರು. ಅಂದು ಮಧ್ಯಾಹ್ನ ಮೊಮ್ಮಗುವನ್ನು ಮಗನ ಅಂಗೈಗಳಲ್ಲಿ ಇಡುವಾಗ ಆ ಹಿರಿಯರು ಏನನ್ನೂ ಹೇಳಲಿಲ್ಲ. ಆ ಕೈಗಳನ್ನೇ ಬಹಳ ಹೊತ್ತು ನೋಡುತ್ತ ಕುಳಿತರು.

ಇದರ ಕಾರಣವು ಸರಳವಾದುದು. ಹಿಮ ಸಿಕ್ಕಿಕೊಂಡಾಗ ರೆಕ್ಕೆಚಕ್ರವೂ ಅದನ್ನು ಎಳೆಯುವ ಬೆಲ್ಟೂ ಬಿಗಿದು ನಿಲ್ಲುತ್ತವೆ. ಎಂಜಿನ್ ಆರಿದರೂ ಆ ಬಿಗುವು ಆರಿರುವುದಿಲ್ಲ. ತಡೆ ಸಡಿಲಿದೊಡನೆ ಅದು ಬಿಡುಗಡೆಯಾಗುತ್ತದೆ. ಆದಕಾರಣ ಕ್ಲಚ್ ಬಿಟ್ಟು, ಎಂಜಿನ್ ಆರಿಸಿ, ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಬೇರ್ಪಡಿಸಿ, ಎಲ್ಲ ಭಾಗಗಳೂ ನಿಲ್ಲುವವರೆಗೆ ತಾಳಬೇಕು. ವಿದ್ಯುತ್ತಿನದಾದರೆ ವೈರನ್ನೋ ಬ್ಯಾಟರಿಯನ್ನೋ ಕಳಚಬೇಕು. ಅನಂತರವೂ ಕೈಯನ್ನು ಹಾಕಬಾರದು. ಯಂತ್ರದ ಜೊತೆ ಬರುವ ಬಿಡಿಸುವ ಕೋಲನ್ನೋ ಗಟ್ಟಿಯಾದ ಪೊರಕೆಯ ಹಿಡಿಯನ್ನೋ ಬಳಸಬೇಕು. ಒದ್ದೆ ಹಿಮದಲ್ಲಿ ಎಂಜಿನ್ನಿನ ಪೂರ್ಣ ವೇಗವಿಟ್ಟು, ತಾನು ನಿಧಾನ ನಡೆದು, ಕಿರಿದಾದ ಪಟ್ಟಿಗಳಲ್ಲಿ ತೆಗೆದರೆ ಕಟ್ಟಿಕೊಳ್ಳುವುದೇ ಕಡಿಮೆ. ಕೈಬಿಟ್ಟೊಡನೆ ಅಲಗನ್ನು ನಿಲ್ಲಿಸುವ ಹಿಡಿಯನ್ನು ದಾರದಿಂದ ಕಟ್ಟಿಹಾಕುವುದು ಸ್ವತಃ ಅಪಾಯವನ್ನು ಕರೆದಂತೆ.

ಇನ್ನೂ ಕೆಲವು ನಿಯಮಗಳುಂಟು. ಬಾಗಿಲು ತೆರೆದಿದ್ದರೂ ಗ್ಯಾರೇಜಿನೊಳಗೆ ಎಂಜಿನ್ ಓಡಿಸಬಾರದು. ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕರುಣೆಯೂ ಇಲ್ಲ. ಬಿಸಿ ಎಂಜಿನ್ನಿಗೆ ಪೆಟ್ರೋಲು ಸುರಿಯಬಾರದು; ತಣಿದ ಮೇಲೆ ಹೊರಗೆ ನಿಂತು ತುಂಬಬೇಕು. ಜೋಲುವ ಶಾಲು ಸಲ್ಲದು. ಕೊಳವೆಯ ಬಾಯಿ ಜನರತ್ತ, ಕಿಟಕಿಗಳತ್ತ ತಿರುಗಿರಬಾರದು. ಮಕ್ಕಳು ಮನೆಯೊಳಗಿರಬೇಕು.

ಆ ಗೃಹಸ್ಥನು ಇಂದಿಗೂ ಹರಿದ ಕೈಚೀಲವನ್ನು ಬಿಸುಡಲಿಲ್ಲ. ಯಂತ್ರವಿರುವ ಗೋಡೆಯ ಮೊಳೆಗೆ, ಬಿಡಿಸುವ ಕೋಲಿನ ಪಕ್ಕದಲ್ಲಿಯೇ ತೂಗುಹಾಕಿದ್ದಾನೆ. ತನ್ನ ಅಂಗಳ ಮುಗಿದ ಮೇಲೆ ನೆರೆಮನೆಯ ಒಂಟಿ ವೃದ್ಧೆಯ ಹಾದಿಯನ್ನೂ ಬಿಡಿಸಿಕೊಟ್ಟು ಬರುವುದು ಆತನ ರೂಢಿಯಾಗಿದೆ. ಕೊಳವೆ ಕಟ್ಟಿಕೊಂಡರೆ ಈಗ ಆತನಿಗೆ ಅವಸರವಿಲ್ಲ. ಯಂತ್ರವನ್ನು ಆರಿಸುತ್ತಾನೆ, ತಂತಿಯನ್ನು ಕಳಚುತ್ತಾನೆ, ತಾಳುತ್ತಾನೆ. ಆಮೇಲೆ ಕೋಲನ್ನು ತೆಗೆದುಕೊಳ್ಳುತ್ತಾನೆ. ದುಡಿಯುವ ಕೈ ಉಳಿದರೆ ಕಾಯಕ ಉಳಿಯುತ್ತದೆ. ಸದ್ಭಕ್ತರು ಹಿಮದ ನಾಡಿನಲ್ಲಿರಲಿ, ಮೇವಿನ ಯಂತ್ರದ ಮುಂದಿರಲಿ, ಆ ಒಂದು ಗಳಿಗೆಯ ತಾಳ್ಮೆಯನ್ನು ಮರೆಯದಿರಲಿ.