ಡಿಸ್ಕಿನ ಉತಾರ

ಕಂಪ್ಯೂಟರ್ ಕೆಟ್ಟಿತು ಅಂದರೆ ‘ಫಾರ್ಮ್ಯಾಟ್ ಹೊಡೀರಿ’ ಅನ್ನುವುದು ಈಗ ಮಂತ್ರದ ಹಾಗೆ ಆಗಿದೆ. ಅಂಗಡಿಯವರೂ ಅದನ್ನೇ ಹೇಳುತ್ತಾರೆ, ಆಫೀಸಿನವರೂ ಅದನ್ನೇ ಹೇಳುತ್ತಾರೆ. ಫಾರ್ಮ್ಯಾಟ್ ಅಂದರೆ ಇದ್ದದ್ದನ್ನು ಇಲ್ಲ ಅನ್ನಿಸಿ ಹೊಸದಾಗಿ ಶುರು ಮಾಡುವುದು. ಒಳಗೆ ಇದ್ದದ್ದು ಯಾರದು, ಮತ್ತೆ ಸಿಗುತ್ತದೋ ಇಲ್ಲವೋ ಅಂತ ಒರೆಸುವವನು ಕೇಳುವುದಿಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳಕೊಂಡವರಿಗೆ ಈ ರೀತಿ ಹೊಸದೇನಲ್ಲ. ಸೂಪಾ ಎಂಬ ಊರೇ ಮುಳುಗಿತು, ಜನ ರಾಮನಗರದ ಕಡೆ ಹೋದರು, ಹೆಸರು ಮಾತ್ರ ಕಾಗದದಲ್ಲಿ ತೇಲುತ್ತಾ ಉಳಿಯಿತು. ಇರಲಿ. ನಾನು ಹೇಳಹೊರಟಿರುವುದು ಅದೇ ತಾಲೂಕಿನ ಕುಂಬಾರವಾಡದ ಒಂದು ಹಳೇ ಕಂಪ್ಯೂಟರಿನ ಸಂಗತಿ.

ಕುಂಬಾರವಾಡದ ಸುತ್ತ ಹುಲಿ ಕಾಡು. 2007ರಲ್ಲಿ ಅಣಶಿ-ದಾಂಡೇಲಿ ಅಂತ ಸಾರಿದರು, 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರಿಟ್ಟರು. ಅದಕ್ಕೂ ಎಷ್ಟೋ ಮುಂಚಿನಿಂದ ಅಲ್ಲಿ ಕುಣಬಿಗಳಿದ್ದಾರೆ, ಗಡ್ಡೆ ಗೆಣಸು ಬೆಳೆದು, ಭತ್ತ ಬಿತ್ತಿ. ಗೋವಾದ ಕುಣಬಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಗಡಿಯ ಈಚೆ ಇರುವ ಅವರ ನೆಂಟರು ಅದನ್ನೇ ದಶಕಗಳಿಂದ ಕೇಳುತ್ತಲೇ ಇದ್ದಾರೆ. ಇದರಿಂದ ಆದದ್ದು ಏನೆಂದರೆ, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಇವರು ‘ಇತರೆ ಪಾರಂಪರಿಕ ಅರಣ್ಯವಾಸಿಗಳು’. ಹಾಗೆಂದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ 75 ವರ್ಷ, ಇಲ್ಲೇ ಇದ್ದೆವು ಅಂತ ತೋರಿಸಬೇಕು. ಎಪ್ಪತ್ತೈದು ವರ್ಷದ ಕಾಗದ ಯಾರ ಬಳಿ ಇರುತ್ತದೆ? ಮಳೆಗೆ, ಗೆದ್ದಲಿಗೆ ಉಳಿದರೆ ತಾನೆ? ಅದಕ್ಕೇ ಕಾಯ್ದೆಯ ನಿಯಮ 13ರಲ್ಲಿ ಒಂದು ದಾರಿ ಇಟ್ಟಿದ್ದಾರೆ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದಿಳಿಸಿದರೆ ಅದೂ ಸಾಕ್ಷಿ.

ಅಲ್ಲಿನ ನಾಲ್ಕು ಹುಡುಗರು ಅದನ್ನೇ ಮಾಡಿದ್ದರು. ಮೊಬೈಲಿನಲ್ಲಿ ಮುದುಕ ಮುದುಕಿಯರ ಮಾತು ಹಿಡಿದಿದ್ದರು. ಯಾವ ಹಳ್ಳದ ಆಚೆ ಯಾರ ಗದ್ದೆ, ಯಾವ ದೇವರ ಕಲ್ಲಿನ ತನಕ ಯಾರು ಕುಮರಿ ಕಡಿಯುತ್ತಿದ್ದರು, ಎಲ್ಲ ಕೊಂಕಣಿಯಲ್ಲಿ. ಒಟ್ಟು 41 ಜನ. ಮೊಬೈಲು ತುಂಬಿದ ಹಾಗೆ ಕಂಪ್ಯೂಟರಿಗೆ ಹಾಕಿ ಮೊಬೈಲಿನಿಂದ ಅಳಿಸಿದ್ದರು. ಆ ಕಂಪ್ಯೂಟರು ಹುಬ್ಬಳ್ಳಿಯ ಯಾವುದೋ ಆಫೀಸು ಬೇಡ ಅಂತ ಕೊಟ್ಟದ್ದು. ಅದರಲ್ಲಿ ಲಿನಕ್ಸ್ ಇತ್ತು. ಕಾಸು ಕೊಡದೆ, ಕದಿಯದೆ ಹಾಕಿಕೊಳ್ಳಬಹುದಾದದ್ದು ಅದೊಂದೇ ಅಂತ. ಬೆಂಗಳೂರಿನ ಸುದರ್ಶನ ಲೇಔಟಿನ ಕೊಳೆಗೇರಿ ಮಕ್ಕಳು ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರದಲ್ಲಿ ಇಂಥದ್ದೇ ಹಳೇ ಯಂತ್ರಗಳಲ್ಲಿ ಕೂತು ಚಿತ್ರ ಬರೆಯೋದು ಕಲಿತದ್ದನ್ನು ನಾನೇ ಇವರಿಗೆ ಹೇಳಿದ್ದೆ.

ಮಳೆಗಾಲದಲ್ಲಿ ಒಂದು ದಿನ ಅದು ಏಳಲಿಲ್ಲ. ಹುಡುಗರು ಅದನ್ನು ಬಸ್ಸಿನಲ್ಲಿ ಹಾಕಿಕೊಂಡು ಪೇಟೆಯ ಒಂದು ಅಂಗಡಿಗೆ ಒಯ್ದರು. ಅಂಗಡಿಯವನು ‘ಲಿನಕ್ಸಾ? ಮತ್ತೆ ಹಾಕ್ತೀನಿ ಬಿಡ್ರಿ’ ಅಂತ ಪೆನ್‌ಡ್ರೈವ್ ಚುಚ್ಚಿದ. ಪೂರ್ತಿ ಡಿಸ್ಕ್ ಅಳಿಸಿ ಹಾಕು ಅನ್ನುವ ಮೊದಲ ಆಯ್ಕೆಯನ್ನೇ ಒತ್ತಿದ. ಸ್ವಲ್ಪ ಹೊತ್ತಿಗೆ ಇನ್‌ಪುಟ್-ಔಟ್‌ಪುಟ್ ಎರರ್ ಅಂತ ಬಂದು ಅದು ಅಲ್ಲೇ ನಿಂತಿತು. ‘ಡಿಸ್ಕ್ ಸತ್ತದ, ಹೊಸಾದು ತರ್ರಿ’ ಅಂದ. ದಿನಕ್ಕೆ ಹತ್ತು ಯಂತ್ರ ನೋಡುವವನು, ಅವನನ್ನು ಬೈದು ಏನು?

ಹುಡುಗ ಫೋನ್ ಮಾಡಿದ. ‘ಅಣ್ಣಾ, ಎಲ್ಲಾ ಹೋತು. ಆ ಆಯಿ ಮಾತಾಡಿದ್ದೂ ಹೋತು.’ ಆ ಆಯಿ ತೀರಿಕೊಂಡು ಆಗ ಎರಡು ತಿಂಗಳು. ಇನ್ನೊಮ್ಮೆ ಹೋಗಿ ಕೇಳುವ ಹಾಗಿರಲಿಲ್ಲ. ‘ಏನೂ ಮಾಡಬ್ಯಾಡ್ರಿ. ಚಾಲೂ ಸುದ್ದಾ ಮಾಡಬ್ಯಾಡ್ರಿ, ನಾ ಬರತೇನಿ’ ಅಂದೆ.

ಹಳಿಯಾಳದಿಂದ ಹೋಗುವಾಗ ಗೆಳೆಯನೊಬ್ಬನ 1 ಟಿಬಿ ಡಿಸ್ಕು, ಎರಡು ಪೆನ್‌ಡ್ರೈವ್, ಒಂದು ಹೊಸ ಸಾಟಾ ಕೇಬಲ್ಲು, ಶಾಲೆ ಮಕ್ಕಳ ರಬ್ಬರು, ಒಂದು ಗುಂಡು ಬ್ಯಾಟರಿ ಒಯ್ದೆ. ಪೆಟ್ಟಿಗೆ ಬಿಚ್ಚಿದರೆ ಒಳಗೆಲ್ಲ ಮಳೆಯ ಥಂಡಿ. ಡಿಸ್ಕಿನ ಕೇಬಲ್ಲಿನ ಬಾಯಿ ಹಸಿರುಗಟ್ಟಿತ್ತು, ಮುಟ್ಟಿದರೆ ಅಲ್ಲಾಡುತ್ತಿತ್ತು. ರ‍್ಯಾಮ್ ಪಟ್ಟಿ ತೆಗೆದು ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ತಿಕ್ಕಿ ಕೂರಿಸಿದೆವು. ಪೆನ್‌ಡ್ರೈವಿನಿಂದಲೇ ಲಿನಕ್ಸ್ ಎಬ್ಬಿಸಿ, ಡಿಸ್ಕಿಗೆ ಏನೂ ಬರೆಯದೆ, ಮೊದಲು ಅದರ ಆರೋಗ್ಯ ಕೇಳಿದೆವು. ಹಾಗೆ ಕೇಳಲಿಕ್ಕೆ ಸ್ಮಾರ್ಟ್‌ಸಿಟಿಎಲ್ ಅಂತ ಒಂದು ಸಲಕರಣೆ ಇದೆ. ಪ್ರತಿ ಡಿಸ್ಕೂ ತನ್ನ ಕಷ್ಟಗಳ ಲೆಕ್ಕವನ್ನು ತಾನೇ ಇಟ್ಟಿರುತ್ತದೆ, ಕೇಳುವವರಿಲ್ಲ ಅಷ್ಟೆ.

ಆ ಲೆಕ್ಕದಲ್ಲಿ ಮೂರು ಸಾಲು ಮುಖ್ಯ. 5ನೆಯದು ಡಿಸ್ಕಿನಲ್ಲಿ ಕೆಟ್ಟು ಬದಲಾಯಿಸಿದ ಜಾಗ ಎಷ್ಟು ಅಂತ ಹೇಳುತ್ತದೆ. 197 ಓದಲಾಗದೆ ಕಾದಿರುವ ಜಾಗದ್ದು. ಇವೆರಡು ಏರುತ್ತಿದ್ದರೆ ಡಿಸ್ಕು ಸಾಯುತ್ತಿದೆ. ನಮ್ಮದರಲ್ಲಿ ಎರಡೂ ಸೊನ್ನೆ. 199 ಅಂದರೆ ಡಿಸ್ಕಿಗೂ ಬೋರ್ಡಿಗೂ ನಡುವೆ ದಾರಿಯಲ್ಲಿ ಮಾತು ಕೆಟ್ಟ ಲೆಕ್ಕ. ಅದು 1184 ತೋರಿಸುತ್ತಿತ್ತು. ಡಿಸ್ಕು ಸತ್ತಿರಲಿಲ್ಲ, ಅದರ ಮಾತನ್ನು ತಂತಿ ಮುಟ್ಟಿಸುತ್ತಿರಲಿಲ್ಲ. ತಪ್ಪು ತಂತಿಯದು, ಆರೋಪ ಡಿಸ್ಕಿನ ಮೇಲೆ. ಇಂಥ ನ್ಯಾಯ ನಮಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಕೇಬಲ್ ಬದಲಿಸಿದೆವು. 199 ಹಿಂದಕ್ಕೆ ಬರುವ ಲೆಕ್ಕವಲ್ಲ, ಏರದೆ ನಿಂತರೆ ಗೆದ್ದಂತೆ. ನಿಂತಿತು.

ಆದರೆ ಅಂಗಡಿಯಲ್ಲಿ ಒತ್ತಿದ ಆ ಆಯ್ಕೆ ಹಳೇ ಪಾರ್ಟಿಶನ್ ಟೇಬಲ್ ಕಿತ್ತು ಹೊಸದನ್ನು ಬರೆದಿತ್ತು. ಅಲ್ಲಿಂದ ಮುಂದೆ ಹೋಗುವಷ್ಟರಲ್ಲಿ ಕೆಟ್ಟ ತಂತಿ ಕೈಕೊಟ್ಟಿತು. ತಂತಿ ಚೆನ್ನಾಗಿದ್ದಿದ್ದರೆ ಇಡೀ ಡಿಸ್ಕಿನ ಮೇಲೆ ಹೊಸ ವ್ಯವಸ್ಥೆ ಹರಡಿ ಎಲ್ಲ ಹೋಗಿರುತ್ತಿತ್ತು.

ಹುಡುಗರು ಕೇಳಿದರು, ‘ಪಾರ್ಟಿಶನ್ ಹೋದ್ಮ್ಯಾಲ ಒಳಗಿಂದು ಹ್ಯಾಂಗ ಉಳಿತೈತಿ ಅಣ್ಣಾ?’

ನಾನು ಕೇಳಿದೆ, ‘ನಿಮ್ಮಪ್ಪನ ಉತಾರದಾಗ ಹೆಸರಿಲ್ಲ. ಗದ್ದಿ ಇಲ್ಲೇನು?’

ಅವರಿಗೆ ಅಷ್ಟು ಸಾಕಾಯಿತು. ಹಳೇ ಮಾದರಿಯ ಡಿಸ್ಕಿನಲ್ಲಿ ಮೊದಲ 512 ಬೈಟಿನ ಒಳಗೆ ಬರೇ 64 ಬೈಟು ಜಾಗದಲ್ಲಿ ಈ ಉತಾರ ಇರುತ್ತದೆ. ನಾಲ್ಕೇ ಸಾಲು, ಸಾಲಿಗೆ 16 ಬೈಟು. ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಜಾತಿಯದು. (ಡಿಸ್ಕಿನಲ್ಲೂ ಅದನ್ನು ಕೇಳುತ್ತಾರೆ.) ಹೊಸ ಮಾದರಿ ಜಿಪಿಟಿಯಲ್ಲಿ ಇದರ ಒಂದು ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತದೆ, ಹಳೇದರಲ್ಲಿ ಅದೂ ಇಲ್ಲ. ಈ 64 ಬೈಟು ಅಳಿಸಿದರೆ 500 ಜಿಬಿ ಡಿಸ್ಕು ಖಾಲಿ ಅಂತ ಕಾಣುತ್ತದೆ. ಗದ್ದೆ ಅಲ್ಲೇ ಇರುತ್ತದೆ, ಬದು ಅಲ್ಲೇ ಇರುತ್ತದೆ. ಬೇರೆಯವರಿಗೆ ಮಂಜೂರು ಮಾಡಿ ಅವರು ಉಳುವ ತನಕ ಇರುತ್ತದೆ. ಹಾಗಾಗಿಯೇ ಚಾಲೂ ಮಾಡಬೇಡಿ ಅಂದದ್ದು.

ಮೂಲ ಡಿಸ್ಕಿನ ಮೇಲೆ ಪ್ರಯೋಗ ಮಾಡಬಾರದು. ಡಿಡಿರೆಸ್ಕ್ಯೂ ಹಚ್ಚಿ ಇಡೀ ಡಿಸ್ಕನ್ನು ಗೆಳೆಯನ ಡಿಸ್ಕಿಗೆ ಇದ್ದಂತೆ ನಕಲಿಸಲು ಬಿಟ್ಟೆವು. ಮೂಲ ಯಾವುದು, ನಕಲು ಯಾವುದು ಅಂತ ಅಳತೆ ಮತ್ತು ಸೀರಿಯಲ್ ನಂಬರ್ ಗಟ್ಟಿಯಾಗಿ ಓದಿಸಿ ಆಮೇಲೆ ಎಂಟರ್ ಒತ್ತಿದ್ದು. ರಾತ್ರಿ ಮೂರು ಸಲ ಕರೆಂಟು ಹೋಯಿತು. ಕಾಳಿ ನದಿಯ ಮೇಲೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಅಂತ ಸಾಲಾಗಿ ವಿದ್ಯುತ್ ಹುಟ್ಟುತ್ತದೆ. ದಂಡೆಯಲ್ಲಿ ಕೈಗಾ ಅಣುಸ್ಥಾವರವೂ ಇದೆ. ಕುಂಬಾರವಾಡದಲ್ಲಿ ನಾವು ಚಿಮಣಿ ಹಚ್ಚಿಕೊಂಡು ಕೂತಿದ್ದೆವು. ಡಿಡಿರೆಸ್ಕ್ಯೂ ಎಲ್ಲಿಯ ತನಕ ಬಂದೆ ಅಂತ ಒಂದು ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋಗುತ್ತದೆ. ಆ ಫೈಲು ಎರಡನೇ ಪೆನ್‌ಡ್ರೈವಿನಲ್ಲಿತ್ತು. ಕರೆಂಟು ಬಂದಾಗೆಲ್ಲ ಬಿಟ್ಟಲ್ಲಿಂದ ಹಿಡಿಯಿತು. ಮುಗಿದಾಗ ಬೆಳಗಿನ ಬಸ್ಸು ಹೋಗಿಯಾಗಿತ್ತು.

ಆಮೇಲೆ ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಬಿಟ್ಟೆವು. ಅದು ಹಳೇ ಶಾನುಭೋಗನಿಗಿಂತ ಪ್ರಾಮಾಣಿಕ. ಕಾಗದ ನಂಬದೆ ಇಡೀ ಹೊಲ ನಡೆದು, ಕಲ್ಲು ಬದು ನೋಡಿ ಇಲ್ಲೊಂದು ಪಾರ್ಟಿಶನ್ ಇತ್ತು ಅನ್ನುತ್ತದೆ. ಎರಡು ಸಿಕ್ಕವು. ವ್ಯವಸ್ಥೆಯದು ಒಂದು, ಜನರ ಫೈಲುಗಳ ಹೋಮ್ ಒಂದು. ನಕಲಿಗೆ ಹಳೇ ಟೇಬಲ್ ಬರೆಸಿ, ಹೋಮನ್ನು ಓದಲಿಕ್ಕೆ ಮಾತ್ರ ಅಂತ ತೆರೆದೆವು. 41 ಫೈಲೂ ಇದ್ದವು. ಹುಡುಗ ಮೊದಲು ಒತ್ತಿದ್ದು ಆ ಆಯಿಯದನ್ನೇ. ಮಳೆಯ ಸದ್ದು, ನಡುವೆ ಕೋಳಿ ಕೂಗಿದ್ದು, ಆಮೇಲೆ ಅವಳ ದನಿ. ಹೊರಗೆ ಜಗುಲಿಯಲ್ಲಿ ಕೂತಿದ್ದ ಅವಳ ಮಗ ಎದ್ದು ಒಳಗೆ ಬಂದ, ಮುಗಿಯುವ ತನಕ ನಿಂತೇ ಇದ್ದ. ಯಾರೂ ಮಾತಾಡಲಿಲ್ಲ.

ಮತ್ತೆ ಹಾಕುವ ಕೆಲಸ ಅದರ ಮುಂದೆ ದೊಡ್ಡದಲ್ಲ. ಮೂಲ ಡಿಸ್ಕಿಗೂ ಹಳೇ ಟೇಬಲ್ ಬರೆಸಿ, ಈ ಸಲ ಡೆಬಿಯನ್ ಹಚ್ಚಿದೆವು. ಅದರ ಇನ್‌ಸ್ಟಾಲರಿನಲ್ಲಿ ಕನ್ನಡ ಆಯ್ದುಕೊಳ್ಳಬಹುದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತ ಹುಡುಗರಿಗೆ ಇಂಗ್ಲಿಷಿನ ಒಂದು ಸಾಲು ತಪ್ಪಿ ಓದಿದರೆ ಎಷ್ಟು ನಷ್ಟ ಅಂತ ನೋಡಿದ್ದೆವಲ್ಲ. ಕೈಯಾರೆ ಭಾಗ ಮಾಡುವ ದಾರಿ ಹಿಡಿದು, ವ್ಯವಸ್ಥೆಯ ಪಾರ್ಟಿಶನ್ ಮಾತ್ರ ಫಾರ್ಮ್ಯಾಟ್, ಹೋಮ್‌ಗೆ ಹೆಸರು ಮಾತ್ರ ಕೊಟ್ಟು ಒಳಗಿನದನ್ನು ಹಾಗೇ ಇಡು ಅಂದೆವು. ಹಳೇ ಬಳಕೆದಾರನ ಹೆಸರನ್ನೇ ಇಟ್ಟೆವು.

ಒಂದು ತೊಡಕು ಬಂತು. ಇಎಫ್‌ಐ ಪಾರ್ಟಿಶನ್ ಇಲ್ಲ ಅಂತ ಅದು ಹಟ ಹಿಡಿಯಿತು. ಬೋರ್ಡಿನ ಬ್ಯಾಟರಿ ಸತ್ತು, ಕರೆಂಟು ಹೋದಾಗೆಲ್ಲ ಬಯೋಸ್ ತನ್ನ ಕಾರ್ಖಾನೆಯ ಹುಟ್ಟುಗುಣಕ್ಕೆ ಮರಳುತ್ತಿತ್ತು, ತಾರೀಖೂ 2012ಕ್ಕೆ ಹೋಗುತ್ತಿತ್ತು. ಹಾಗಾಗಿ ಪೆನ್‌ಡ್ರೈವ್ ಯುಇಎಫ್‌ಐ ರೀತಿಯಲ್ಲಿ ಎದ್ದಿತ್ತು, ಡಿಸ್ಕು ಹಳೇ ರೀತಿಯದು. ಒಯ್ದಿದ್ದ ಸಿಆರ್ 2032 ಬ್ಯಾಟರಿ ಹಾಕಿ, ಬೂಟ್ ಪಟ್ಟಿಯಲ್ಲಿ ಯುಇಎಫ್‌ಐ ಅಂತ ಇಲ್ಲದ ಸಾಲು ಆಯ್ದು ಮತ್ತೆ ಶುರು ಮಾಡಿದೆವು. ಸಂಜೆ ಬಸ್ಸಿಗೆ ಮುಂಚೆ ಮುಗಿಯಿತು.

2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ಏಳಿಸಿ ಅಂದದ್ದು, ಅದೇ 28ರಂದು ತನ್ನ ಆದೇಶಕ್ಕೆ ತಾನೇ ತಡೆ ಹಾಕಿದ್ದು ಈ ಹುಡುಗರಿಗೆ ನೆನಪಿದೆ. ಕೊಂಕಣಿ ಮಾತನ್ನು ಈಗ ಕನ್ನಡದಲ್ಲಿ ಬರೆದಿಳಿಸುತ್ತಿದ್ದಾರೆ, ಒಂದೊಂದಕ್ಕೂ ಊರಿನ ಸಭೆಯಲ್ಲಿ ಓದಿ ಹೇಳಿ. ಮೂರು ನಕಲು, ಮೂರು ಮನೆಗಳಲ್ಲಿ. ಮೊನ್ನೆಯ ತನಕ 17 ಮುಗಿದಿದ್ದವು.