ಬಾಡಿಗೆಯ ಮನೆಯ ಪರೀಕ್ಷೆ

ಸಂತೆಯಲ್ಲಿ ಮಣ್ಣಿನ ಮಡಕೆಯೊಂದನ್ನು ಕೊಳ್ಳುವವನೂ ಅದನ್ನು ಬೆರಳಿನಿಂದ ತಟ್ಟಿ, ನಾದವನ್ನು ಕೇಳಿ, ಬಳಿಕ ಹಣವನ್ನು ಕೊಡುತ್ತಾನೆ. ಆದರೆ ಲಕ್ಷಾಂತರ ರೂಪಾಯಿಗಳ ಮುಂಗಡವನ್ನಿತ್ತು ಮನೆಯನ್ನು ಹಿಡಿಯುವ ಗೃಹಸ್ಥನು ಅದನ್ನು ಹತ್ತೇ ನಿಮಿಷಗಳಲ್ಲಿ ನೋಡಿ ಮುಗಿಸುವುದು ಬೆಂಗಳೂರಿನಲ್ಲಿ ಸಾಮಾನ್ಯವಾಗಿದೆ. ಗೋಡೆಯ ಬಣ್ಣ, ನೆಲದ ಹೊಳಪು, ಪಡಸಾಲೆಯ ವಿಸ್ತಾರ ಇವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ವಾಸಕ್ಕೆ ಬೇಕಾದ ಗುಣಗಳಾದರೋ ವಿಚಾರಿಸಿದಲ್ಲದೆ ತಿಳಿಯುವುದಿಲ್ಲ. ನನ್ನಲ್ಲಿ ಓದಿದ ಶಿಷ್ಯರು ಕೆಲವರು ಮನೆ ನೋಡಲು ಹೋಗುವಾಗ ಈಗಲೂ ನನ್ನನ್ನು ಜೊತೆಗೆ ಕರೆದೊಯ್ಯುವುದುಂಟು. ಆಗ ನಾನು ವಿಚಾರಿಸುವ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದು ನೀರು. ಸಂಸ್ಕೃತದಲ್ಲಿ ನೀರಿಗೆ ಜೀವನವೆಂದೇ ಒಂದು ಹೆಸರು. 2024ನೆಯ ಇಸವಿಯ ಬೇಸಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ದೊಡ್ಡ ವಸತಿ ಸಮುಚ್ಚಯಗಳವರೂ ಟ್ಯಾಂಕರಿನ ದಾರಿ ಕಾಯ್ದುದನ್ನು ಕಂಡವರಿಗೆ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವೇರಿ ನೀರಿನ ಸಂಪರ್ಕವಿದೆಯೆ, ಇದ್ದರೆ ವಾರಕ್ಕೆ ಎಷ್ಟು ಸಲ ನೀರು ಬರುತ್ತದೆ, ಬೇಸಗೆಯಲ್ಲಿ ಕೊಳವೆಬಾವಿಯ ಗತಿಯೇನು, ಟ್ಯಾಂಕರಿನ ವೆಚ್ಚವು ಬಾಡಿಗೆಯಲ್ಲಿ ಸೇರಿದೆಯೆ ಬೇರೆಯೆ ಎಂಬುದನ್ನು ತಿಳಿಯತಕ್ಕದ್ದು. ಇದನ್ನು ಮನೆಯ ಮಾಲಿಕರಿಗಿಂತ ಕಟ್ಟಡದ ಕಾವಲುಗಾರನನ್ನೋ ಎದುರು ಮನೆಯ ತಾಯಿಯವರನ್ನೋ ಕೇಳುವುದು ಮೇಲು. ಮನೆಯನ್ನು ಹೊಗಳಿ ಅವರಿಗೆ ಆಗಬೇಕಾದುದೇನೂ ಇಲ್ಲ.

ಎರಡನೆಯದು ಗಾಳಿ ಬೆಳಕುಗಳು. ಮನೆಯನ್ನು ಎರಡು ಸಲ ನೋಡಬೇಕು: ಹಗಲಿನಲ್ಲಿ ದೀಪಗಳನ್ನೆಲ್ಲ ಆರಿಸಿ ಒಮ್ಮೆ, ನೆರೆಹೊರೆಯವರೆಲ್ಲ ಮನೆ ಸೇರಿದ ಮೇಲೆ, ಸದ್ದುಗದ್ದಲಗಳನ್ನು ತಿಳಿಯುವುದಕ್ಕಾಗಿ, ಇನ್ನೊಮ್ಮೆ. ಹೊಸ ಬಣ್ಣದ ವಾಸನೆ ಬರುತ್ತಿರುವ ಮನೆಯಲ್ಲಿ ಬಚ್ಚಲಿಗೆ ತಾಗಿದ ಗೋಡೆಯ ಬುಡವನ್ನೂ ಗೋಡೆಯ ಬೀರುಗಳ ಒಳಬದಿಯನ್ನೂ ಮುಟ್ಟಿ ನೋಡಬೇಕು. ಬಣ್ಣದ ಅಡಿಯಲ್ಲಿ ಕೆಲವು ತಿಂಗಳು ಅಡಗಿದ್ದ ತೇವವು ಮಳೆಗಾಲದಲ್ಲಿ ಹೊರಬೀಳುತ್ತದೆ. ಒಗ್ಗರಣೆಯ ಹೊಗೆ ಹೊರಹೋಗಲು ದಾರಿ, ಬಟ್ಟೆ ಒಣಗಲು ಬಿಸಿಲು, ವೃದ್ಧರಿದ್ದಲ್ಲಿ ವಿದ್ಯುತ್ತು ನಿಂತಾಗಲೂ ನಡೆಯುವ ಲಿಫ್ಟು, ಪ್ರತ್ಯೇಕವಾದ ವಿದ್ಯುತ್ ಮೀಟರು, ಇವು ಪಡಸಾಲೆಯ ಅಲಂಕಾರಕ್ಕಿಂತ ಹೆಚ್ಚಿನವು.

ಮೂರನೆಯದು ಪತ್ರ. ಕರಾರು 11 ತಿಂಗಳದ್ದೇ ಏಕೆಂದು ಅನೇಕರು ಕೇಳುತ್ತಾರೆ. ಒಂದು ವರ್ಷವನ್ನು ಮೀರಿದ ಅವಧಿಯ ಪತ್ರವು 1908ನೆಯ ನೋಂದಣಿ ಕಾಯಿದೆಯಂತೆ ನೋಂದಣಿಯಾಗಲೇಬೇಕು; ಆ ವೆಚ್ಚವನ್ನು ತಪ್ಪಿಸುವ ಉಪಾಯವಿದು. ಮುಂಗಡವಾಗಿ ಹತ್ತು ತಿಂಗಳ ಬಾಡಿಗೆಯನ್ನು ಕೇಳುವುದು ಈ ನಗರದ ಹಳೆಯ ರೂಢಿ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದು ಕೇಂದ್ರ ಸರ್ಕಾರವು 2021ರಲ್ಲಿ ಒಪ್ಪಿದ ಮಾದರಿ ಕಾಯಿದೆಯಲ್ಲಿ ಇದೆಯಾದರೂ, ಅದು ರಾಜ್ಯಗಳು ಅನುಸರಿಸಲೆಂದು ರಚಿಸಿದ ಮಾದರಿ ಮಾತ್ರ. ಆದುದರಿಂದ ಬಾಡಿಗೆದಾರನಿಗೆ ತನ್ನ ಕರಾರುಪತ್ರವೇ ರಕ್ಷೆ. ಬಿಡುವಾಗ ಬಣ್ಣಕ್ಕೆಂದು ಕಳೆಯುವ ಮೊತ್ತ, ವರ್ಷಕ್ಕೆ ಹೆಚ್ಚುವ ಬಾಡಿಗೆ, ಮುನ್ಸೂಚನೆಯ ಅವಧಿ, ಮುಂಗಡವು ಹಿಂದಕ್ಕೆ ಬರುವ ದಿನ ಇವೆಲ್ಲವನ್ನೂ ಅಕ್ಷರದಲ್ಲಿ ಬರೆಯಿಸಬೇಕು. ಹೊಕ್ಕ ದಿನವೇ ಬಿರುಕುಗಳ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಂಡರೆ ಬಿಡುವ ದಿನ ವಾದಕ್ಕೆ ಆಸ್ಪದವಿರದು.

ಇನ್ನು ಭೋಗ್ಯದ ಮಾತು. ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಮಾಡಿ, ಬಿಡುವಾಗ ಅಸಲನ್ನು ಹಿಂದಕ್ಕೆ ಪಡೆಯುವ ಈ ಪದ್ಧತಿಯ ಹೆಸರು ಬಹು ಪ್ರಾಚೀನವಾದುದು. ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿಯೇ ಒತ್ತೆಯನ್ನು ಗೋಪ್ಯ, ಭೋಗ್ಯ ಎಂದು ವಿಂಗಡಿಸಿದೆ: ಜೋಪಾನಮಾಡಿ ಇಡತಕ್ಕದ್ದು ಗೋಪ್ಯ, ಉಪಯೋಗಿಸತಕ್ಕದ್ದು ಭೋಗ್ಯ. ಹೆಸರು ಹಳೆಯದೆಂದ ಮಾತ್ರಕ್ಕೆ ಹಣವು ಕ್ಷೇಮವೆಂದು ತಿಳಿಯಲಾಗದು.

ನನ್ನ ಮಿತ್ರರೊಬ್ಬರು, ಗುಮಾಸ್ತರಾಗಿದ್ದು ನಿವೃತ್ತರಾದವರು, ಮಗಳ ವಿವಾಹಕ್ಕೆಂದು ಕೂಡಿಟ್ಟಿದ್ದ 8 ಲಕ್ಷ ರೂಪಾಯಿಗಳನ್ನು ಭೋಗ್ಯಕ್ಕೆ ಕೊಟ್ಟು ಒಂದು ಮನೆಯನ್ನು ಹಿಡಿದರು. ಎರಡನೆಯ ವರ್ಷ ಬ್ಯಾಂಕಿನ ನೋಟೀಸು ಬಾಗಿಲಿಗೆ ಅಂಟಿತು. ಅವರು ಹಾಲುಕ್ಕಿಸುವುದಕ್ಕೆ ಮೊದಲೇ ಮಾಲಿಕರು ಆ ಮನೆಯನ್ನು ಸಾಲಕ್ಕೆ ಅಡವಿಟ್ಟಿದ್ದರು. ಮುಂಚಿನ ಅಡಮಾನದ ಹಕ್ಕೇ ಮುಂದು. ಮಿತ್ರರ ಕೈಯಲ್ಲಿದ್ದುದಾದರೋ ನೋಂದಣಿಯಾಗದ ಒಂದು ಛಾಪಾ ಕಾಗದ. ಅಸಲಿನಲ್ಲಿ ಅರ್ಧ ಭಾಗವೂ ಈವರೆಗೆ ಅವರ ಕೈಸೇರಿಲ್ಲ. ವಿವಾಹವು ಸಾಲದಿಂದ ನಡೆಯಿತು.

ಭೋಗ್ಯಕ್ಕೆ ಮನಸ್ಸುಮಾಡುವವರು ಮೂರು ಕೆಲಸಗಳನ್ನು ಬಿಡಬಾರದು. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಆ ಸ್ವತ್ತಿನ ಋಣಭಾರ ಪತ್ರವನ್ನು, ಎಂದರೆ ಇ.ಸಿ.ಯನ್ನು, ತಾವೇ ತೆಗೆಸಬೇಕು. ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಬೇಕು. ನಕಲನ್ನಷ್ಟೇ ತೋರಿಸಿದರೆ ಮೂಲವು ಬೇರೊಬ್ಬರ ಪೆಟ್ಟಿಗೆಯಲ್ಲಿರಬಹುದು. ಭೋಗ್ಯಪತ್ರವನ್ನು ನೋಂದಣಿಮಾಡಿಸಬೇಕು, ನೂರು ರೂಪಾಯಿಗಳ ಮತ್ತು ಅದಕ್ಕೆ ಮೀರಿದ ಅಡಮಾನವು ನೋಂದಾಯಿತ ಪತ್ರದಿಂದಲೇ ಆಗತಕ್ಕದ್ದೆಂದು 1882ನೆಯ ಸ್ವತ್ತು ವರ್ಗಾವಣೆ ಕಾಯಿದೆಯು ವಿಧಿಸುತ್ತದೆ.

ಇಷ್ಟನ್ನು ಕೇಳಿದರೆ ಮಾಲಿಕರು ಬೇಸರಪಟ್ಟಾರೆಂಬ ಸಂಕೋಚ ನಮ್ಮಲ್ಲಿ ಬಹಳ. ನೇರವಾದ ವ್ಯವಹಾರದವರು ಬೇಸರಪಡುವುದಿಲ್ಲ. ಬಾಡಿಗೆದಾರನ ವಿಷಯದಲ್ಲಿ ಅವರೂ ಇಷ್ಟೇ ವಿಚಾರಿಸುತ್ತಾರೆ. ಪತ್ರಗಳನ್ನು ತೋರಿಸಲು ಒಪ್ಪದ ಮನೆಯು ಎಷ್ಟೇ ಸುಂದರವಾಗಿರಲಿ, ನಮಸ್ಕಾರಮಾಡಿ ಹೊರಟು ಬರುವುದು ಕ್ಷೇಮ.