ಮೆರೊವೆಯ ಬೀರು

ಕ್ರಿ. ಶ. 1867ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ನೆರೆದ ಸರ್ವರಾಷ್ಟ್ರ ಪ್ರದರ್ಶನದಲ್ಲಿ ವಿಲಕ್ಷಣವಾದ ಬೀರುವೊಂದು ಜನರ ಕಣ್ಣಿಗೆ ಬಿದ್ದಿತು. ಹಳೆಯ ಪದಕ ನಾಣ್ಯಗಳನ್ನಿಡುವುದಕ್ಕೆಂದು ಕಲ್ಪಿತವಾದ ವಸ್ತುವಾದರೂ ಅದನ್ನು ಕಂಡವರಿಗೆ ಯಾವನೋ ಪುರಾತನ ಭೂಪತಿಯ ಸಮಾಧಿಯೆಂಬ ಭ್ರಾಂತಿಯುಂಟಾದರೆ ಆಶ್ಚರ್ಯವೇನೂ ಇಲ್ಲ. ಓಕ್ ಮರದ ಕಟ್ಟು. ಅದರ ಮೇಲೆ ದೇವದಾರು, ಅಕ್ರೋಟು, ಕರಿಮರಗಳ ತೆಳುಹಲಗೆಯ ಹೊದಿಕೆ. ಎಡೆಯೆಡೆಯಲ್ಲಿ ದಂತದ ಕೆತ್ತು. ಎತ್ತರವೋ ಎಂಟಡಿಗೆ ತುಸು ಕಡಿಮೆ. ರೂಪವನ್ನು ಬರೆದವನು ಬ್ರಾಂದ್ಲಿ. ಬೆಳ್ಳಿಯ ಮುಲಾಮಿನ ಕಂಚಿನ ಶಿಲ್ಪಗಳನ್ನು ರಚಿಸಿದವನು ಫ್ರೆಮಿಯೆ. ಕಟ್ಟಿಸಿದವನು ಷಾರ್ಲ್ ಗಿಯೋಮ್ ಡೀಲ್. ಈ ಡೀಲನು ಹುಟ್ಟಿನಿಂದ ಜರ್ಮನನು. ಫ್ರಾನ್ಸಿನ ಆದಿರಾಜನ ಯಶೋಗಾನವು ಪರದೇಶದಿಂದ ಬಂದ ಬಡಗಿಯ ಕಾರ್ಖಾನೆಯಲ್ಲಿ ಸಿದ್ಧವಾಯಿತು!

ನಡುವಿನ ಫಲಕದಲ್ಲಿ ಫ್ರಾಂಕರ ದೊರೆಯಾದ ಮೆರೊವೆಯು ಎತ್ತಿನ ರಥದಲ್ಲಿ ನಿಂತು ಜಯೋತ್ಸವದಿಂದ ಬರುತ್ತಿದ್ದಾನೆ. 451ರಲ್ಲಿ ಹೂಣರ ಅಟ್ಟಿಲನೊಡನೆ ನಡೆದ ಕಾಳಗವೇ ಇಲ್ಲಿಯ ವಸ್ತು. ಇತಿಹಾಸವನ್ನು ಕೇಳಿದರೆ, ಆ ದಿನ ಸೇನೆಯನ್ನು ನಡೆಸಿದವನು ರೋಮಿನ ದಳಪತಿಯಾದ ಏಷಿಯಸ್. ಫ್ರಾಂಕರು ಅವನ ಸಹಾಯಕರು. ಮೆರೊವೆಯು ಅಲ್ಲಿದ್ದನೆಂಬುದು ಐತಿಹ್ಯವೇ ಹೊರತು ದೃಢಪ್ರಮಾಣವಲ್ಲ. ಎತ್ತಿನ ಗಾಡಿಯೂ ವಿಚಾರಾರ್ಹವೇ. ಆ ವಂಶದ ಕಡೆಯ ಅರಸರು ಎತ್ತಿನ ಬಂಡಿಯಲ್ಲಿ ಸಂಚರಿಸುತ್ತಿದ್ದರೆಂದು ಐನ್‌ಹಾರ್ಡನು ಬರೆದುದು ಅವರ ದೌರ್ಬಲ್ಯವನ್ನು ತೋರಿಸುವುದಕ್ಕೆ; ಫ್ರೆಮಿಯೆಯ ಕೈಯಲ್ಲಿ ಅದೇ ಬಂಡಿಯು ವಿಜಯರಥವಾಯಿತು.

ಗಾಥಿಕ್ ರೀತಿಯನ್ನು ಅನುಸರಿಸಿದ ಬಡಗಿಗಳಿಗೆ ಮಾದರಿಗಳ ಕೊರತೆಯಿರಲಿಲ್ಲ. ಮಹಾದೇವಾಲಯಗಳು ಕಣ್ಣೆದುರಿಗೇ ನಿಂತಿದ್ದುವು. 1844ರಿಂದ ಕ್ಲೂನಿಯ ಸಂಗ್ರಹಾಲಯವೂ ತೆರೆದಿದ್ದಿತು. ಮೆರೊವೆಯ ಕಾಲದ ಮರಗೆಲಸವಾದರೋ ಬಹುತೇಕ ಮಣ್ಣಾಗಿಹೋಗಿತ್ತು. ಅವನ ಮಗನೆನ್ನಲಾದ ಷಿಲ್ಡೆರಿಕನ ಗೋರಿಯು 1653ರಲ್ಲಿ ತುರ್ನೆಯಲ್ಲಿ ದೊರೆತು, ಕೆಂಪು ಹರಳಿನ ಚಿನ್ನದ ಜೇನ್ನೊಣಗಳು ಹೊರಬಿದ್ದುವು. 1804ರಲ್ಲಿ ನೆಪೋಲಿಯನ್ನನು ಜೇನ್ನೊಣವನ್ನು ತನ್ನ ಲಾಂಛನವಾಗಿ ಆರಿಸಿಕೊಂಡುದು ಆ ನೆನಪಿನಿಂದಲೇ. ಆದರೆ 1831ರಲ್ಲಿ ಕಳ್ಳರು ಪ್ಯಾರಿಸ್ಸಿನ ಪುಸ್ತಕಾಲಯವನ್ನು ಹೊಕ್ಕು ಆ ನಿಧಿಯ ಬಹುಭಾಗವನ್ನು ಕರಗಿಸಿಬಿಟ್ಟರು. ಹೀಗೆ ಉಳಿದ ಅಲ್ಪಸ್ವಲ್ಪವನ್ನು ಆಧಾರವಾಗಿಟ್ಟುಕೊಂಡು ಕಲ್ಪನೆಯೇ ಬೀರುವನ್ನು ಕಟ್ಟಬೇಕಾಯಿತು.

ಔಚಿತ್ಯದಿಂದ ಅಳೆದರೆ ದೋಷವು ಸ್ಪಷ್ಟ. ನಾಣ್ಯವನ್ನು ತೆಗೆಯಬಂದವನ ಗಮನವೆಲ್ಲ ದೊರೆಯ ಮೇಲೆಯೇ ನಿಲ್ಲುವುದು. ಅಲಂಕಾರವು ಅಂಗಿಯನ್ನು ಮೀರಿ ಅಂಗವನ್ನೇ ನುಂಗಿದೆ. ಆದರೂ ಎತ್ತುಗಳ ಬಾಗಿದ ಕತ್ತಿನಲ್ಲಿ ಜೀವವಿದೆ, ಅದನ್ನು ಅಲ್ಲಗಳೆಯಲಾಗದು. ಮೂರೇ ವರ್ಷಗಳಲ್ಲಿ, 1870ರಲ್ಲಿ, ಜರ್ಮನ್ ಸೇನೆಯ ಮುಂದೆ ಫ್ರಾನ್ಸು ಸೋತಿತು. ಪ್ರದರ್ಶನವನ್ನು ಏರ್ಪಡಿಸಿದ ಸಾಮ್ರಾಜ್ಯವೂ ಅಳಿಯಿತು. ಈ ಮಾದರಿಯ ಒಂದು ಬೀರು ಪ್ಯಾರಿಸ್ಸಿನ ಓರ್ಸೇ ಸಂಗ್ರಹಾಲಯದಲ್ಲಿಯೂ ಮತ್ತೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿಯೂ ಇವೆ.